ಸೂಟ್‌ಕೇಸ್ ತೂಕ ಗೊತ್ತಿತ್ತು, ಮಗಳದ್ದು?

ಥಾಯ್ಲೆಂಡ್‌ಗೆ ಹೊರಡುವ ಹಿಂದಿನ ರಾತ್ರಿ ಎರಡೂ ಸೂಟ್‌ಕೇಸ್‌ಗಳನ್ನು ತೂಗಿ ನೋಡಿದ್ದೆ. ಒಂದು 14.2 ಕೆಜಿ, ಇನ್ನೊಂದು 14.7. ಮಿತಿ 15. ಕೈಯಲ್ಲಿ ಹಿಡಿದು ತೂಗುವ ಆ ಚಿಕ್ಕ ಯಂತ್ರವನ್ನು ಇದಕ್ಕೋಸ್ಕರವೇ ಆನ್‌ಲೈನ್‌ನಲ್ಲಿ ತರಿಸಿದ್ದೆ. ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆ ಆಯ್ತು ಅಂತಲೇ ಹೇಳಬೇಕು.

ಎಕ್ಸೆಲ್ ಶೀಟ್ ಕೂಡ ರೆಡಿ ಇತ್ತು. ಏಳು ದಿನ, ಬ್ಯಾಂಕಾಕ್, ಅಯುತ್ಥಯ, ಚಿಯಾಂಗ್ ಮಾಯ್, ಫುಕೆಟ್. ಪ್ರತಿ ಗಂಟೆಗೂ ಒಂದು ಸಾಲು, ಮುಗಿದದ್ದಕ್ಕೆ ಹಸಿರು ಬಣ್ಣ. ನನ್ನ ಹೆಂಡತಿ ಅದನ್ನು ನೋಡಿ, "ಇದೇನು ಟ್ರಿಪ್ಪಾ, ರಿಲೀಸ್ ಶೆಡ್ಯೂಲಾ? ಇದ್ರಲ್ಲಿ ಪುಟ್ಟಿ ಮಲಗೋದು ಯಾವಾಗ?" ಅಂದಳು. ಮಗಳಿಗೆ ಮೂರು ವರ್ಷ. "ದಾರೀಲಿ ಮಲಗ್ತಾಳೆ ಬಿಡು" ಅಂದೆ.

ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ದೊಡ್ಡವರಿಗೆ ಇದೇನೂ ಲೆಕ್ಕವಲ್ಲ. ಆದರೆ ಬ್ಯಾಂಕಾಕ್‌ನಲ್ಲಿ ನಾನು ಬೆಳಗ್ಗೆ ಏಳಕ್ಕೆ ಎಬ್ಬಿಸಿದರೆ ಪುಟ್ಟಿಯ ಮೈಗೆ ಅದು ಐದೂವರೆ. ಮೊದಲ ದಿನದಿಂದಲೇ ಅವಳು ಅರ್ಧ ನಿದ್ದೆಯಲ್ಲಿದ್ದಳು.

ವಾಟ್ ಫೋ ದೇವಾಲಯದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನಿದ್ದಾನೆ. ನಾನು ಫೋಟೋ ತೆಗೆಯಲು ಒದ್ದಾಡುತ್ತಿದ್ದರೆ ಪುಟ್ಟಿಯ ಕಣ್ಣು ಬುದ್ಧನ ಬೆನ್ನ ಹಿಂದಿನ ಕಂಚಿನ ಬಟ್ಟಲುಗಳ ಮೇಲೆ. ಗೋಡೆಗುಂಟ ಸಾಲಾಗಿ 108 ಬಟ್ಟಲು. 20 ಬಾತ್ ಕೊಟ್ಟರೆ ಚಿಲ್ಲರೆ ನಾಣ್ಯ ಕೊಡುತ್ತಾರೆ, ಬಟ್ಟಲಿಗೊಂದರಂತೆ ಹಾಕುತ್ತಾ ಹೋಗಬೇಕು. ಟಣ್ ಅಂತ ಶಬ್ದ ಬಂದಾಗಲೆಲ್ಲ ಪುಟ್ಟಿ ನನ್ನ ಮುಖ ನೋಡಿ ನಗುತ್ತಿದ್ದಳು. ಮೂವತ್ತನೇ ಬಟ್ಟಲಿನ ಹತ್ತಿರ ನಾನು ವಾಚ್ ನೋಡಿದೆ. "ಟೈಮ್ ಇಲ್ಲ ಪುಟ್ಟಿ, ಬೋಟ್ ಹೋಗ್ಬಿಡತ್ತೆ" ಅಂತ ಎತ್ತಿಕೊಂಡು ಹೊರಟೆ. ಅವಳು ಮುಷ್ಟಿಯಲ್ಲಿ ನಾಣ್ಯ ಹಿಡಿದು ಅಳುತ್ತಲೇ ನದಿ ದಾಟಿದಳು. ಶೀಟ್‌ನಲ್ಲಿ ಎರಡು ಸಾಲು ಹಸಿರಾಯಿತು.

ಮೂರನೇ ದಿನ ಅಯುತ್ಥಯ. ನಮ್ಮ ಅಯೋಧ್ಯೆಯ ಹೆಸರನ್ನೇ ಇಟ್ಟುಕೊಂಡ ಹಳೆಯ ರಾಜಧಾನಿ. 1767ರಲ್ಲಿ ಬರ್ಮಾದ ಸೈನ್ಯ ನಾಶ ಮಾಡಿದ ಮೇಲೆ ಉಳಿದ ಇಟ್ಟಿಗೆ ಗೋಪುರಗಳು, ಮರದ ಬೇರುಗಳ ನಡುವೆ ಸಿಕ್ಕಿಕೊಂಡ ಬುದ್ಧನ ತಲೆ. ನೋಡಲೇಬೇಕಾದ ಜಾಗ, ನಿಜ. ಆದರೆ ನವೆಂಬರ್ ಕೊನೆಯಲ್ಲೂ ಮಧ್ಯಾಹ್ನದ ಬಿಸಿಲು ಜೋರು, ನೆರಳು ಕಡಿಮೆ. ಪುಟ್ಟಿ ಊಟ ಬೇಡ ಅಂದಳು. ನಾನು ಹಟ ಅಂದುಕೊಂಡೆ.

ಅಂದೇ ಸಂಜೆ ಬ್ಯಾಂಕಾಕ್‌ಗೆ ಓಡಿ ಬಂದು, ಹೋಟೆಲ್‌ನಲ್ಲಿ ಬಿಟ್ಟಿದ್ದ ಲಗೇಜ್ ಎತ್ತಿಕೊಂಡು, 6:40ರ ಚಿಯಾಂಗ್ ಮಾಯ್ ರೈಲು ಹತ್ತಿದೆವು. ರೈಲಿನ ಸಿಬ್ಬಂದಿಯೇ ಬಂದು ಸೀಟನ್ನು ಹಾಸಿಗೆ ಮಾಡಿಕೊಡುತ್ತಾರೆ, ಪ್ರತಿ ಬರ್ತ್‌ಗೂ ಪರದೆ ಇದೆ. ಪರದೆ ಎಳೆದುಕೊಂಡ ಪುಟ್ಟಿ "ಇದು ನನ್ ಮನೆ" ಅಂದಳು. ಆ ದಿನ ಅವಳು ಖುಷಿಯಿಂದ ಆಡಿದ ಒಂದೇ ಮಾತು ಅದು.

ರಾತ್ರಿ ಹನ್ನೆರಡಕ್ಕೆ ಹೆಂಡತಿ ಎಬ್ಬಿಸಿದಳು. "ಮೈ ಸುಡ್ತಿದೆ ಕಣೋ. ಸಿರಪ್ ಎಲ್ಲಿ?" ಸಿರಪ್ ಬ್ಯಾಂಕಾಕ್ ಹೋಟೆಲ್‌ನಲ್ಲೇ ಉಳಿದಿತ್ತು. ಅವಸರದಲ್ಲಿ ಕೊನೆಯ ಬ್ಯಾಗ್ ತುಂಬಿದವನು ನಾನೇ.

ಓಡುವ ರೈಲಿನಲ್ಲಿ, ಭಾಷೆ ಬಾರದ ಊರಿನಲ್ಲಿ, ಜ್ವರದ ಮಗು ಮಡಿಲಲ್ಲಿ. ಬೆಳಗಾಗಲು ಏಳು ಗಂಟೆ ಬೇಕು. ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ ಕೂತೆವು. ಎದುರು ಬರ್ತ್‌ನ ಪರದೆ ಸರಿಸಿ ವಯಸ್ಸಾದ ಹೆಂಗಸೊಬ್ಬರು ನೋಡಿದರು. ಏನೂ ಕೇಳದೆ ಬ್ಯಾಗ್‌ನಿಂದ ಹಣೆಗೆ ಅಂಟಿಸುವ ತಂಪು ಜೆಲ್ ಪಟ್ಟಿ ತೆಗೆದರು. ಮಗುವಿನ ಹಣೆಗೆ ತಾವೇ ಅಂಟಿಸಲಿಲ್ಲ, ಹೆಂಡತಿಯ ಕೈಗೆ ಕೊಟ್ಟು ಹೀಗೆ ಅಂತ ತೋರಿಸಿದರು. ಅಲ್ಲಿ ತಲೆ ಅಂದರೆ ದೇಹದ ಅತ್ಯಂತ ಗೌರವದ ಭಾಗ, ಇನ್ನೊಬ್ಬರ ತಲೆ ಮುಟ್ಟುವುದು ಸರಿಯಲ್ಲ ಎಂಬುದು ಆಮೇಲೆ ಗೊತ್ತಾಯ್ತು.

ಬೆಳಗ್ಗೆ ಚಿಯಾಂಗ್ ಮಾಯ್‌ನ ಗೆಸ್ಟ್‌ಹೌಸ್‌ನಲ್ಲಿ ಇಬ್ಬರನ್ನೂ ಬಿಟ್ಟು ಮೆಡಿಕಲ್ ಶಾಪ್‌ಗೆ ಓಡಿದೆ. ಫಾರ್ಮಸಿಸ್ಟ್ ಹುಡುಗಿ ಚೆನ್ನಾಗಿ ಇಂಗ್ಲಿಷ್ ಮಾತಾಡಿದಳು. ವಯಸ್ಸು ಕೇಳಿದಳು, ಹೇಳಿದೆ. ಜ್ವರ ಎಷ್ಟು, 102. ಆಮೇಲೆ ಕೇಳಿದಳು, ಮಗುವಿನ ತೂಕ ಎಷ್ಟು?

ನನಗೆ ಗೊತ್ತಿರಲಿಲ್ಲ.

ರೈಲಿನ ನಂಬರ್ ಗೊತ್ತಿತ್ತು, ಫುಕೆಟ್ ಫ್ಲೈಟ್‌ನ ಪಿಎನ್‌ಆರ್ ಗೊತ್ತಿತ್ತು, ಸೂಟ್‌ಕೇಸ್‌ಗಳ ತೂಕ ದಶಮಾಂಶ ಸಮೇತ ಗೊತ್ತಿತ್ತು. ಹೆಂಡತಿಗೆ ಫೋನ್ ಮಾಡಿದೆ. ಅವಳು ಒಂದು ಕ್ಷಣವೂ ಯೋಚಿಸದೆ "13.1. ಹೋದ ತಿಂಗಳು ಫ್ಲೂ ವ್ಯಾಕ್ಸಿನ್‌ಗೆ ಹೋದಾಗ ತೂಗಿದ್ದು" ಅಂದಳು. ಆ ದಿನ ನನಗೆ ಮೀಟಿಂಗ್ ಇತ್ತು.

ಪ್ಯಾರಾಸಿಟಮಾಲ್ ಸಿರಪ್ಪನ್ನು ತೂಕ ನೋಡಿಯೇ ಕೊಡಬೇಕು. ಫಾರ್ಮಸಿಸ್ಟ್ ಲೆಕ್ಕ ಹಾಕಿ ಎಷ್ಟು ಎಂಎಲ್ ಅಂತ ಬಾಟಲಿ ಮೇಲೆ ಬರೆದಳು. ಡೆಂಗಿ ಅಲ್ಲ ಅಂತ ಖಚಿತವಾಗುವವರೆಗೆ ಐಬುಪ್ರೊಫೆನ್ ಕೊಡಬೇಡಿ, ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ ಅಂತ ಎರಡು ಸಲ ಹೇಳಿದಳು.

ಇಷ್ಟಾದರೂ ಬುದ್ಧಿ ಬಂತಾ? ಇಲ್ಲ. ರೂಮಿಗೆ ಬಂದು, "ಫುಕೆಟ್ ಫ್ಲೈಟ್ ನಾಡಿದ್ದು ತಾನೇ, ಅಷ್ಟರಲ್ಲಿ ಇಳಿಯತ್ತೆ, ರೀಫಂಡ್ ಬೇರೆ ಇಲ್ಲ" ಅಂದೆ. ಹೆಂಡತಿ ಜಗಳ ಆಡಲಿಲ್ಲ, ಸುಮ್ಮನೆ ನೋಡಿದಳು. ಆಮೇಲೆ ಪುಟ್ಟಿ ಕಣ್ಣು ಬಿಟ್ಟು, "ಅಪ್ಪ, ಇನ್ನೂ ಎಲ್ಲಿಗೋ ಹೋಗ್ಬೇಕಾ?" ಅಂತ ಕೇಳಿದಳು. ಕೂತಲ್ಲೇ ಫ್ಲೈಟ್, ಹೋಟೆಲ್ ಎರಡನ್ನೂ ಕ್ಯಾನ್ಸಲ್ ಮಾಡಿದೆ.

ಮರುದಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಡೆಂಗಿ ಇರಲಿಲ್ಲ, ವೈರಲ್ ಜ್ವರ. ಗೆಸ್ಟ್‌ಹೌಸ್‌ನ ಒಡತಿ ಒಂದು ಬಟ್ಟಲು 'ಖಾವ್ ತೋಮ್' ಮಾಡಿಕೊಟ್ಟರು. ಮಾಂಸ, ಫಿಶ್ ಸಾಸ್ ಏನೂ ಬೇಡ ಅಂತ ಹೇಳಿದ್ದಕ್ಕೆ ಬರೀ ಅಕ್ಕಿ, ಉಪ್ಪು. ಅಷ್ಟರಲ್ಲಿ ಊರಿಂದ ಅಮ್ಮನ ಫೋನ್. "ಮಗೂಗೆ ಗಂಜಿ ಕುಡಿಸ್ರೋ." "ಅದನ್ನೇ ಕುಡೀತಿದಾಳಮ್ಮ" ಅಂದೆ. ನಾವು ತಂದಿದ್ದ ಉಪ್ಪಿನಕಾಯಿಯ ರಸ ನೆಂಚಿಕೊಂಡು ಪುಟ್ಟಿ ಬಟ್ಟಲು ಖಾಲಿ ಮಾಡಿದಳು. ಮೂರು ದಿನದಲ್ಲಿ ಮೊದಲ ಸಲ.

ಜ್ವರ ಬಿಟ್ಟ ಮೇಲೆ ಹಳೆಯ ಊರಿನ ಮೂಲೆಯಲ್ಲಿರುವ ಬುವಾಕ್ ಹಾಟ್ ಪಾರ್ಕ್‌ಗೆ ಹೋದೆವು. ಅಲ್ಲಿ ಚಾಪೆ ಬಾಡಿಗೆಗೆ ಸಿಗುತ್ತದೆ. ಮರದ ಕೆಳಗೆ ಹಾಸಿಕೊಂಡು ಕೂರುವುದು, ಕೊಳದ ಮೀನಿಗೆ ಆಹಾರ ಹಾಕುವುದು, ಅವಳು ಮಲಗಿದಾಗ ನಾವೂ ಮಲಗುವುದು. ಮಾರನೇ ದಿನವೂ ಅದೇ ಪಾರ್ಕ್, ಅದೇ ಮರ. ಬೆಟ್ಟದ ಮೇಲಿನ ದೊಯ್ ಸುತೆಪ್ ದೇವಾಲಯ ನೋಡಲೇ ಇಲ್ಲ. ಕೊನೆಯ ದಿನ ಬ್ಯಾಂಕಾಕ್‌ನಲ್ಲಿ ಇಟ್ಟುಕೊಂಡದ್ದು ಒಂದೇ ಕೆಲಸ, ವಾಟ್ ಫೋ. ಪುಟ್ಟಿ ಮೊದಲ ಬಟ್ಟಲಿನಿಂದ ಶುರು ಮಾಡಿದಳು. ನಾಣ್ಯ ಮುಗಿದಾಗ ಇನ್ನೊಂದು 20 ಬಾತ್ ಕೊಟ್ಟೆ. 108 ಬಟ್ಟಲು ಮುಗಿಯುವವರೆಗೂ ವಾಚ್ ನೋಡಲಿಲ್ಲ.

ಮಗು ಕರ್ಕೊಂಡು ಹೊರಡುವವರಿಗೆ ನಾಲ್ಕು ಮಾತು. ಮಗುವಿನ ತೂಕ, ನಿಮ್ಮ ಡಾಕ್ಟರ್ ಹೇಳಿದ ಡೋಸ್ ಎರಡನ್ನೂ ಅಪ್ಪ, ಅಮ್ಮ ಇಬ್ಬರ ಫೋನ್‌ನಲ್ಲೂ ಬರೆದಿಟ್ಟುಕೊಳ್ಳಿ. ಸಿರಪ್‌ನ ಸಾಂದ್ರತೆ ಬಾಟಲಿಯಿಂದ ಬಾಟಲಿಗೆ ಬೇರೆ, ಹಾಗಾಗಿ "ಮನೇಲಿ 5 ಎಂಎಲ್ ಕೊಡ್ತಿದ್ವಿ" ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ. ಥಾಯ್ಲೆಂಡ್‌ಗೆ ಡಿಜಿಟಲ್ ಅರೈವಲ್ ಕಾರ್ಡ್ ತಲುಪುವ ಮೊದಲಿನ ಮೂರು ದಿನಗಳೊಳಗೆ ತುಂಬಬೇಕು, ಮಗುವಿಗೂ ಬೇರೆಯದೇ ಬೇಕು. ಸರ್ಕಾರಿ ವೆಬ್‌ಸೈಟ್‌ನಲ್ಲಿ ಅದು ಉಚಿತ. ಸಸ್ಯಾಹಾರಿಗಳಾದರೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ 'ಜೇ' ಅಂಗಡಿ ಹುಡುಕಿ, ಅಲ್ಲಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಮನೆಗೆ ಬಂದು ಸೂಟ್‌ಕೇಸ್ ಬಿಚ್ಚುವ ಮೊದಲು ಪುಟ್ಟಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. 12.6. ಅರ್ಧ ಕೆಜಿ ಇಳಿದಿದ್ದಾಳೆ. ಅದನ್ನು ವಾಪಸ್ ತರೋ ಕೆಲಸ ಈಗ ನನ್ನದು. ಬೆಳಗಿನ ರಾಗಿ ಗಂಜಿ ನಾನೇ ಕಾಸುತ್ತಿದ್ದೇನೆ. ಮುಂದಿನ ವ್ಯಾಕ್ಸಿನ್ ದಿನ ಕ್ಯಾಲೆಂಡರ್‌ನಲ್ಲಿ ಬೇರೆ ಮೀಟಿಂಗ್ ಇಲ್ಲ.