ಕ್ಯಾನ್ಸರ್: ಮನೆತನ ಮುಚ್ಚಿಡಬಾರದ ಮಾತು

ಎಂಟು ವರ್ಷಗಳ ಹಿಂದಿನ ಮಾತು. ಸೋಮವಾರಪೇಟೆ ಕಡೆಯ ನಮ್ಮ ಊರಿನಿಂದ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ಹಾದು ಮೈಸೂರಿನ ಆಸ್ಪತ್ರೆಯೊಂದಕ್ಕೆ ಅಕ್ಕನನ್ನು ಕರೆದುಕೊಂಡು ಹೋಗಿದ್ದೆವು. ದೊಡ್ಡಮ್ಮನ ಮಗಳಾದ ಅವಳಿಗೆ ಆಗ 41 ವರ್ಷ. ಸ್ತನದಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರ್ ಎಂದು ಖಚಿತವಾಗಿತ್ತು. ವೈದ್ಯರು ವರದಿಗಳನ್ನೆಲ್ಲ ಓದಿ, "ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಕ್ಯಾನ್ಸರ್ ಬಂದಿತ್ತೇ?" ಎಂದು ಕೇಳಿದರು. "ಇಲ್ಲ, ಯಾರಿಗೂ ಇಲ್ಲ" ಎಂದು ದೊಡ್ಡಪ್ಪನವರು ತಡೆಯದೆ ಉತ್ತರಿಸಿದರು.

ದೊಡ್ಡಮ್ಮ ತೀರಿಕೊಂಡದ್ದು ಅಂಡಾಶಯದ ಕ್ಯಾನ್ಸರಿನಿಂದ. ಊರಿಗೆ, ಬಂಧುಗಳಿಗೆ, ಕೊನೆಗೆ ಅಕ್ಕನಿಗೂ ಅದನ್ನು "ಹೊಟ್ಟೆಯ ಗಡ್ಡೆ" ಎಂದೇ ಹೇಳಲಾಗಿತ್ತು. ಅಕ್ಕನ ಮಗಳಿಗೆ ಆಗ ಗಂಡು ನೋಡುತ್ತಿದ್ದರು. ಮನೆತನಕ್ಕೆ ಇಂತಹ ಕಾಯಿಲೆಯ ಹೆಸರು ಅಂಟಬಾರದೆಂಬುದು ದೊಡ್ಡಪ್ಪನವರ ಎಣಿಕೆ. ದೊಡ್ಡಮ್ಮನ ಕಾಗದಪತ್ರಗಳನ್ನು ಹಿಡಿದು ಓಡಾಡಿದ್ದ ನನಗೆ ಸತ್ಯ ತಿಳಿದಿತ್ತು. ಹಿರಿಯರ ಮಾತಿಗೆ ಎದುರಾಡಬಾರದೆಂದು ನಾನೂ ಸುಮ್ಮನಿದ್ದೆ. ಆ ಮೌನದ ಬೆಲೆ ಎಷ್ಟೆಂಬುದನ್ನು ಭಕ್ತ ಬಂಧುಗಳ ಮುಂದೆ ಇಡುವುದೇ ಈ ಬರಹದ ಉದ್ದೇಶ.

ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಆದೇಶ ವಂಶವಾಹಿಗಳಲ್ಲಿದೆ. ಆ ಆದೇಶ ಕೆಟ್ಟು, ಜೀವಕೋಶಗಳು ಅಂಕೆಯಿಲ್ಲದೆ ಬೆಳೆಯುವುದೇ ಕ್ಯಾನ್ಸರ್. ಬಹುಪಾಲು ಕ್ಯಾನ್ಸರುಗಳಲ್ಲಿ ಈ ದೋಷ ಬದುಕಿನ ನಡುವೆ ಉಂಟಾಗುವಂಥದು. ಅದು ಮಕ್ಕಳಿಗೆ ಹೋಗುವುದಿಲ್ಲ. ನೂರರಲ್ಲಿ ಸುಮಾರು ಐದರಿಂದ ಹತ್ತು ಕ್ಯಾನ್ಸರುಗಳಲ್ಲಿ ಮಾತ್ರ ದೋಷವು ಹುಟ್ಟಿನಿಂದಲೇ ಬಂದಿರುತ್ತದೆ. ಇವೆರಡನ್ನು ಬೇರ್ಪಡಿಸಿ ಗುರುತಿಸುವ ಮೊದಲ ಸಾಧನವೇ ವೈದ್ಯರ ಆ ಸರಳ ಪ್ರಶ್ನೆ.

ಅಮೆರಿಕದ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅವರು ಸ್ತನ ಕ್ಯಾನ್ಸರಿಗೆ ಕಾರಣವಾಗುವ ವಂಶವಾಹಿಯೊಂದು 17ನೆಯ ವರ್ಣತಂತುವಿನಲ್ಲಿದೆ ಎಂದು 1990ರಲ್ಲಿ ತೋರಿಸಿಕೊಟ್ಟರು. ಅದಕ್ಕೆ ಆಧಾರವಾದದ್ದು 23 ಕುಟುಂಬಗಳು. ಅಜ್ಜಿಗೆ ಏನಾಗಿತ್ತು, ಚಿಕ್ಕಮ್ಮನಿಗೆ ಯಾವ ವಯಸ್ಸಿನಲ್ಲಿ ಬಂತು ಎಂಬುದನ್ನು ಆ ಕುಟುಂಬದವರು ಮುಚ್ಚಿಡದೆ ಹೇಳಿದ್ದರಿಂದಲೇ ಆ ಶೋಧ ಸಾಧ್ಯವಾಯಿತು. ಇಂದು ಬಿಆರ್‌ಸಿಎ-1 ಎಂದು ಕರೆಯಲಾಗುವ ಆ ವಂಶವಾಹಿಯ ದೋಷವಿರುವ ಸ್ತ್ರೀಯರಲ್ಲಿ ಸ್ತನದ ಜೊತೆಗೆ ಅಂಡಾಶಯದ ಕ್ಯಾನ್ಸರಿನ ಸಂಭವವೂ ಬಹಳ ಹೆಚ್ಚು.

ನಮ್ಮ ನಾಡಿನಲ್ಲಿಯೂ ಈ ದಾರಿಯಲ್ಲಿ ನಡೆದ ಹಿರಿಯರಿದ್ದಾರೆ. 1948ರಲ್ಲಿ ಮೈಸೂರಿನಲ್ಲಿ ಜನಿಸಿದ ಪ್ರೊ. ಎಂ.ಆರ್.ಎಸ್. ರಾವ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದ ಹ್ಯೂಸ್ಟನ್ನಿನಲ್ಲಿ ಸಂಶೋಧನೆ ನಡೆಸಿ, ಮರಳಿ ತಾಯ್ನೆಲಕ್ಕೇ ಬಂದರು. ಡಿಎನ್‌ಎ ಎಂಬ ಉದ್ದನೆಯ ಎಳೆಯನ್ನು ಪ್ರೋಟೀನುಗಳು ಹೇಗೆ ಸುತ್ತಿ ಮಡಿಚಿಡುತ್ತವೆ ಎಂಬುದನ್ನು ಇಲಿಯ ವೃಷಣದ ಜೀವಕೋಶಗಳಲ್ಲಿ ದಶಕಗಳ ಕಾಲ ಅಭ್ಯಸಿಸಿದರು. ಇದರಿಂದ ರೋಗಿಗೇನು ಲಾಭ ಎಂದು ಆಗ ಕೇಳಿದ್ದರೆ ಸಿದ್ಧ ಉತ್ತರ ದೊರೆಯುತ್ತಿರಲಿಲ್ಲ. ಆದರೆ ಯಾವ ವಂಶವಾಹಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ನಿರ್ಧರಿಸುವಲ್ಲಿ ಆ ಮಡಿಕೆಗಳ ಪಾತ್ರ ದೊಡ್ಡದು. ಕ್ಯಾನ್ಸರಿನಲ್ಲಿ ತಪ್ಪುವುದೂ ಅದೇ ನಿಯಂತ್ರಣ. ಮುಂದೆ ಅವರು ಮೆದುಳಿನ ಗಡ್ಡೆಗಳ ಸಂಶೋಧನೆಗೆ ಇಳಿದಾಗ ಆ ಹಳೆಯ ದುಡಿಮೆಯೇ ಬುನಾದಿಯಾಯಿತು.

ಈ ಕಾರ್ಯದಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ನಿಮ್ಹಾನ್ಸ್ ಆಸ್ಪತ್ರೆಯ ತಜ್ಞರು ಕೈಜೋಡಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗಡ್ಡೆಯ ತುಣುಕುಗಳಲ್ಲಿ ಯಾವ ವಂಶವಾಹಿಗಳು ಮಿತಿಮೀರಿ ದುಡಿಯುತ್ತಿವೆ, ಯಾವುವು ಮೌನವಾಗಿವೆ ಎಂಬುದನ್ನು ಹೋಲಿಸಿ ನೋಡಿದರು. ಅತಿ ಉಗ್ರವಾದ ಗ್ಲಿಯೋಬ್ಲಾಸ್ಟೋಮಾ ರೋಗಿಗಳ ಮುಂದಿನ ಸ್ಥಿತಿಯನ್ನು ಅಂದಾಜಿಸಬಲ್ಲ 14 ವಂಶವಾಹಿಗಳ ಗುರುತುಪಟ್ಟಿ 2013ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಯಿತು. 2010ರಲ್ಲಿ ಪದ್ಮಶ್ರೀ ಪುರಸ್ಕೃತರಾದ ರಾವ್ ಅವರು 2023ರ ಆಗಸ್ಟ್‌ನಲ್ಲಿ ನಿಧನರಾದರು. ಫಲ ಕೈಗೆ ಸಿಗುವ ಮೊದಲೇ ದಶಕಗಟ್ಟಲೆ ದುಡಿಯುವ ಇಂತಹ ಬದುಕನ್ನು ಕಾಯಕವೆಂದು ಕರೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಜೊತೆಗೆ, ತನ್ನ ಗಡ್ಡೆಯ ತುಣುಕನ್ನು ಅಧ್ಯಯನಕ್ಕೆ ಬಿಟ್ಟುಕೊಟ್ಟ ಹೆಸರಿಲ್ಲದ ರೋಗಿಯ ದಾನವೂ ಸಣ್ಣದಲ್ಲ.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಜಗತ್ತಿನ ಹಲವು ದೇಶಗಳು ಒಂದೊಂದು ಬಗೆಯ ಕ್ಯಾನ್ಸರಿನ ವಂಶವಾಹಿ ನಕ್ಷೆಯನ್ನು ಸಿದ್ಧಪಡಿಸಲು 2008ರಲ್ಲಿ ಒಗ್ಗೂಡಿದಾಗ, ಭಾರತವು ಆರಿಸಿಕೊಂಡದ್ದು ಒಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರನ್ನು. ಹೊಗೆಸೊಪ್ಪು ಜಗಿಯುವವರನ್ನು ಹೆಚ್ಚಾಗಿ ಕಾಡುವ ರೋಗವದು. ಅಡಿಕೆಯೊಂದೇ ಆದರೂ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಸಾರಿದೆ. ನಮ್ಮಲ್ಲಿ ಅಡಿಕೆ ತೋಟದ ಬೆಳೆ; ಹೊಗೆಸೊಪ್ಪು ಮೈಸೂರಿಗೆ ಹೋಗುವ ದಾರಿಯುದ್ದಕ್ಕೂ ಬೆಳೆಯುತ್ತದೆ. ಕಾಫಿ ತೋಟದ ಆಳುಗಳಿಂದ ಹಿಡಿದು ಜಗಲಿಯ ಮೇಲಿನ ಯಜಮಾನರವರೆಗೆ ಎಲೆಅಡಿಕೆಯ ರೂಢಿ ಎಲ್ಲರಿಗೂ ಇದೆ. ಇಲ್ಲಿ ವಂಶವಾಹಿ ಕೆಡುವುದು ತಾಯಿತಂದೆಯರಿಂದ ಅಲ್ಲ, ಕೆನ್ನೆಯಲ್ಲಿ ಇಟ್ಟುಕೊಂಡ ತುತ್ತಿನಿಂದ. ಇದನ್ನು ತಡೆಯಲು ಪ್ರಯೋಗಾಲಯ ಬೇಡ, ಮನಸ್ಸು ಸಾಕು.

ಕಾಯಿಲೆಯನ್ನು ಬಯಲು ಮಾಡಿದರೆ ಹೆಣ್ಣುಮಕ್ಕಳ ಮದುವೆ ಆಗುವುದು ಹೇಗೆ ಎಂದು ಹಿರಿಯರು ಕೇಳಬಹುದು. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಊರಿಗೆಲ್ಲ ಸಾರಬೇಕೆಂದು ಯಾರೂ ಕೇಳುತ್ತಿಲ್ಲ. ವೈದ್ಯರಿಗೆ ಮತ್ತು ಮನೆಯ ಮಕ್ಕಳಿಗೆ ಹೇಳಬೇಕು, ಅಷ್ಟೇ. ಇಂತಹ ದೋಷವು ತಾಯಿಯಿಂದ ಬರುವಂತೆ ತಂದೆಯಿಂದಲೂ ಬರುತ್ತದೆ. ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು, ಬಾರದಿರುವ ಸಂಭವವೂ ಅರ್ಧದಷ್ಟು. ಆದ್ದರಿಂದ ಸೊಸೆಯನ್ನು ಮಾತ್ರ ಶಂಕಿಸುವ ರೂಢಿಗೆ ವಿಜ್ಞಾನದ ಬೆಂಬಲವಿಲ್ಲ. ದೋಷವಿದೆಯೆಂದು ಮೊದಲೇ ತಿಳಿದರೆ ನಿಯಮಿತ ತಪಾಸಣೆಯಿಂದ ರೋಗವನ್ನು ಎಳೆಯದರಲ್ಲಿಯೇ ಹಿಡಿಯಬಹುದು. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯಿಂದ ಅದರ ಸಂಭವವನ್ನೇ ಬಹುಮಟ್ಟಿಗೆ ತಗ್ಗಿಸಬಹುದು.

ಪ್ರತಿಯೊಂದು ಮನೆಯಲ್ಲಿಯೂ ಒಂದು ಪುಸ್ತಕದಲ್ಲಿ ಮೂರು ತಲೆಮಾರಿನ ಆರೋಗ್ಯದ ವಿವರವನ್ನು ಬರೆದಿಡೋಣ. ತಾಯಿಯ ಕಡೆ, ತಂದೆಯ ಕಡೆ ಎರಡೂ ಇರಲಿ. ಯಾರಿಗೆ, ಯಾವ ಅಂಗದ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಎಂಬ ಮೂರು ಸಂಗತಿಗಳು ಸಾಕು. ಐವತ್ತರ ಒಳಗೆ ಸ್ತನ ಕ್ಯಾನ್ಸರ್, ಯಾವ ವಯಸ್ಸಿನಲ್ಲಾದರೂ ಅಂಡಾಶಯದ ಕ್ಯಾನ್ಸರ್, ಒಂದೇ ಕಡೆಯ ಹಲವರಲ್ಲಿ ಒಂದೇ ಬಗೆಯ ಕ್ಯಾನ್ಸರ್ ಕಂಡುಬಂದಿದ್ದರೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾಗಲಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಾಗಲಿ ತಜ್ಞರ ಸಲಹೆ ಕೇಳುವುದು ಒಳಿತು. ವಂಶವಾಹಿ ಪರೀಕ್ಷೆ ಎಲ್ಲರಿಗೂ ಅಗತ್ಯವಿಲ್ಲ. ಯಾರಿಗೆ ಬೇಕೆಂಬುದನ್ನು ವೈದ್ಯರೇ ನಿರ್ಧರಿಸಲಿ.

ಅಕ್ಕನ ಸ್ತನದ ಕಾಯಿಲೆ ಚಿಕಿತ್ಸೆಯಿಂದ ಹತೋಟಿಗೆ ಬಂತು. ಮೂರು ವರ್ಷಗಳ ಬಳಿಕ ಅವಳಿಗೆ ಅಂಡಾಶಯದ ಕ್ಯಾನ್ಸರ್ ಕಾಣಿಸಿತು. ಅದು ತಿಳಿಯುವ ಹೊತ್ತಿಗೆ ಹೊಟ್ಟೆಯೆಲ್ಲ ಹರಡಿತ್ತು. ಅಂದು ವೈದ್ಯರಿಗೆ ಸತ್ಯ ತಿಳಿದಿದ್ದರೆ ಅವರು ಆ ಕಡೆಯೂ ಕಣ್ಣಿಡುತ್ತಿದ್ದರು. ಅಕ್ಕ ಉಳಿಯುತ್ತಿದ್ದಳೋ ಇಲ್ಲವೋ, ಒಂದು ಅವಕಾಶವಂತೂ ಇರುತ್ತಿತ್ತು.

ಕಳೆದ ವರ್ಷ ಅವಳ ಮಗಳು ನಮ್ಮ ಮನೆಗೆ ಬಂದು, "ಮಾವ, ಅಜ್ಜಿಗೆ ನಿಜವಾಗಿ ಏನಾಗಿತ್ತು?" ಎಂದು ಕೇಳಿದಳು. ಕಪಾಟಿನಲ್ಲಿದ್ದ ಹಳೆಯ ಕಾಗದಗಳನ್ನು ತೆಗೆದು ಅವಳ ಕೈಗಿತ್ತೆ. ದೊಡ್ಡಪ್ಪನವರೂ ಅಲ್ಲಿಯೇ ಕುಳಿತಿದ್ದರು. ಈ ಸಲ ಅವರು ತಡೆಯಲಿಲ್ಲ.