ಬ್ರೇಕ್ ಪ್ಯಾಡೂ ವರ್ನಿಯರ್ ಕ್ಯಾಲಿಪರೂ



ಮುಂದಿನ ಸಲ ನಮ್ಮ ಹೈಸ್ಕೂಲಿನ ಹಳೆಯ ಪ್ರಯೋಗಶಾಲೆಯ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಆ ಮಾತನ್ನು ಪೂರ್ತಿಯಾಗಿ ಉಳಿಸಿಕೊಳ್ಳಲಾಗುತ್ತಿಲ್ಲ. ಆದರೆ ಪ್ರಯೋಗಶಾಲೆಯ ಒಂದು ಉಪಕರಣ ಈ ಬರಹದೊಳಗೆ ಬರುತ್ತದೆಯಾದ್ದರಿಂದ ಅರ್ಧ ಮಾತನ್ನಾದರೂ ಉಳಿಸಿಕೊಂಡಂತಾಯಿತು.

ನಿವೃತ್ತಿಯಾಗಿ ಮೂರು ವರ್ಷಗಳ ನಂತರ, 2017ರಲ್ಲಿ, ನಾನೊಂದು ಸಣ್ಣ ಪೆಟ್ರೋಲ್ ಕಾರನ್ನು ಕೊಂಡೆನೆಂಬುದು ನಿಮಗೆ ಗೊತ್ತೇ ಇದೆ. ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಯ ತೋಟಕ್ಕೆ ತಿಂಗಳಿಗೆರಡು ಸಲ ಹೋಗಿಬರುವುದು, ವರ್ಷಕ್ಕೊಮ್ಮೆ ಆಗುಂಬೆ ಘಟ್ಟವಿಳಿದು ಉಡುಪಿಗೆ ಹೋಗುವುದು, ಇಷ್ಟೇ ಅದರ ಓಡಾಟ. ವರ್ಷಕ್ಕೊಂದು ಸಲ ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರಕ್ಕೇ ಬಿಡುತ್ತಿದ್ದೆ. ಅಲ್ಲಿ ನನ್ನ ಶಿಷ್ಯನೊಬ್ಬ ಸರ್ವೀಸ್ ಅಡ್ವೈಸರ್ ಆಗಿದ್ದುದು ಅದಕ್ಕೆ ಮುಖ್ಯ ಕಾರಣ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಈ ಬರಹವನ್ನು ಪ್ರಕಟಿಸುವ ಮೊದಲು ಅವನಿಗೆ ಓದಿಹೇಳಿ ಒಪ್ಪಿಗೆ ಪಡೆದಿದ್ದೇನೆ. ನಿಮ್ಮಲ್ಲಿ ಕೆಲವರು ಊಹಿಸಬಹುದು. ಊಹಿಸಿದವರು ದಯವಿಟ್ಟು ಸುಮ್ಮನಿರಬೇಕು.

2024ರ ಸೆಪ್ಟೆಂಬರಿನಲ್ಲಿ ಕಾರನ್ನು ಬಿಟ್ಟು ಬಂದ ದಿನ ಅವನು ರಜೆಯಲ್ಲಿದ್ದ. ಹನ್ನೊಂದೂವರೆಗೆ ಬೇರೊಬ್ಬ ಹುಡುಗನ ಫೋನು ಬಂತು. "ಸರ್, ಮುಂದಿನ ಬ್ರೇಕ್ ಪ್ಯಾಡ್ ಪೂರ್ತಿ ಹೋಗಿವೆ. ಹಾಕಿಸದೆ ಘಟ್ಟದಲ್ಲಿ ಓಡಿಸಿದರೆ ನಮ್ಮ ಜವಾಬ್ದಾರಿ ಇಲ್ಲ" ಎಂದ. ಜೊತೆಗೆ ಇನ್ನೂ ಒಂದಷ್ಟು ಸೇರಿಸಿದ ಎಸ್ಟಿಮೇಟನ್ನು ವಾಟ್ಸಾಪಿನಲ್ಲಿ ಕಳಿಸಿದ. ಮಾಮೂಲಿ ಸರ್ವೀಸಿಗೆ 4,300 ರೂಪಾಯಿ. ಅದರ ಮೇಲೆ ಬ್ರೇಕ್ ಪ್ಯಾಡಿಗೆ 3,400, ಡಿಸ್ಕ್ ಸಾಣೆ ಹಿಡಿಯಲು 1,500, ಎಂಜಿನ್ ಫ್ಲಶ್ 750, ಇಂಜೆಕ್ಟರ್ ಕ್ಲೀನಿಂಗ್ 1,400, ಏಸಿಯ ರೋಗಾಣುನಾಶಕ ಸಿಂಪಡಣೆ 1,100, ಹೊಸ ಬ್ಯಾಟರಿ 5,200, ಕಾರಿನ ಅಡಿಭಾಗಕ್ಕೆ ತುಕ್ಕು ನಿರೋಧಕ ಲೇಪನ 3,600. ಒಟ್ಟು 21,250. ನನ್ನಾಕೆ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವಳು, "ಬ್ರೇಕಿನ ವಿಷಯದಲ್ಲಿ ಜಿಪುಣತನ ಬೇಡ, ಹಾಕಿಸಿಬಿಡಿ" ಎಂದಳು.

ಈ ಎಸ್ಟಿಮೇಟುಗಳ ಶಕ್ತಿಯೆಲ್ಲ ಇರುವುದು ಆ ಮಾತಿನಲ್ಲಿಯೇ. ಎಂಜಿನ್ ಫ್ಲಶ್ ಬೇಡವೆನ್ನಲು ಯಾರೂ ಹೆದರುವುದಿಲ್ಲ. ಬ್ರೇಕ್ ಬೇಡವೆಂದು ಹೇಳಿ, ನಾಳೆ ಮೊಮ್ಮಗಳನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಧೈರ್ಯ ಯಾರಿಗಿದೆ? ಕಾಣದ ಜಾಗದಲ್ಲಿರುವ ವಸ್ತುವಿನ ಬಗ್ಗೆ, ತಿಳಿದವನೊಬ್ಬ, ಪ್ರಾಣಭಯದ ಧಾಟಿಯಲ್ಲಿ, ಫೋನಿನಲ್ಲಿ ಹೇಳುತ್ತಾನೆ. ಕೇಳುವವನಿಗೆ ಉತ್ತರಿಸಲು ಒಂದು ನಿಮಿಷವೂ ಸಿಗುವುದಿಲ್ಲ, ಏಕೆಂದರೆ "ಗಾಡಿ ಲಿಫ್ಟಿನ ಮೇಲಿದೆ ಸರ್, ಬೇಗ ಹೇಳಿ".

ನಾನು ಆಟೋ ಹಿಡಿದು ಹೋದೆ. ಹೋಗುವಾಗ ಬೀರುವಿನಲ್ಲಿದ್ದ ವರ್ನಿಯರ್ ಕ್ಯಾಲಿಪರನ್ನು ಜೇಬಿಗೆ ಹಾಕಿಕೊಂಡೆ. ಪ್ರಯೋಗಶಾಲೆಯ ವರ್ನಿಯರ್‌ಗಳನ್ನು ನೀವೆಲ್ಲ ಬೀಳಿಸಿ ಬೀಳಿಸಿ ಹಾಳು ಮಾಡಿದ್ದರಿಂದ ನನ್ನ ಸ್ವಂತ ದುಡ್ಡಿನಲ್ಲಿ ಕೊಂಡಿದ್ದ ಉಪಕರಣವದು. ಗ್ರಾಹಕರು ಒಳಗೆ ಬರುವಂತಿಲ್ಲವೆಂದು ಮೊದಲು ತಡೆದರು. "ನನ್ನ ಕಾರಿನ ಬ್ರೇಕನ್ನು ನಾನು ನೋಡದೆ ಒಪ್ಪಿಗೆ ಕೊಡಲಾರೆ" ಎಂದು ಅಲ್ಲಿಯೇ ಕುರ್ಚಿಯಲ್ಲಿ ಕುಳಿತೆ. ಇಪ್ಪತ್ತು ನಿಮಿಷಗಳ ನಂತರ ಒಳಗೆ ಬಿಟ್ಟರು.

ಚಕ್ರ ಬಿಚ್ಚಿತ್ತು. ಮೆಕ್ಯಾನಿಕ್ ಒಳ್ಳೆಯ ಮನುಷ್ಯ, ಕೇಳಿದ ಕೂಡಲೇ ಪ್ಯಾಡನ್ನು ಹೊರತೆಗೆದುಕೊಟ್ಟ. ಮೊದಲು ಶೂನ್ಯ ದೋಷವಿದೆಯೇ ಎಂದು ನೋಡಿಕೊಂಡೆ (ನಿಮ್ಮಲ್ಲಿ ಎಷ್ಟು ಜನ ಇದನ್ನು ಮರೆತು ಅಂಕ ಕಳೆದುಕೊಂಡಿದ್ದೀರಿ!). ಹಾಕಲೆಂದು ತಂದಿಟ್ಟಿದ್ದ ಹೊಸ ಪ್ಯಾಡಿನ ಘರ್ಷಣ ಪದರ 10 ಮಿಲಿಮೀಟರ್ ಇತ್ತು. ನನ್ನದರಲ್ಲಿ ಹೆಚ್ಚು ಸವೆದಿದ್ದ ಒಳಬದಿಯದು 6.4 ಮಿಲಿಮೀಟರ್. ಎಷ್ಟಕ್ಕೆ ಬದಲಾಯಿಸಬೇಕೆಂದು ಕೇಳಿದೆ. ಮೆಕ್ಯಾನಿಕ್ ಅಡ್ವೈಸರನ ಮುಖ ನೋಡಿ, "ಮೂರು ಅಂತಾರೆ ಸರ್" ಎಂದ. ಕಾರು ಆಗ 42,000 ಕಿಲೋಮೀಟರ್ ಓಡಿತ್ತು. ಅಷ್ಟು ದೂರಕ್ಕೆ ಸವೆದದ್ದು 3.6 ಮಿಲಿಮೀಟರ್, ಉಳಿದದ್ದು 3.4. ಸವೆತ ಎಲ್ಲ ಕಾಲದಲ್ಲಿಯೂ ಒಂದೇ ಸಮನೆ ನಡೆಯುವುದಿಲ್ಲ, ಘಟ್ಟದ ಇಳಿಜಾರಿನಲ್ಲಿ ಹೆಚ್ಚು ಎಂಬುದನ್ನು ಒಪ್ಪಿ ಲೆಕ್ಕವನ್ನು ಅರ್ಧಕ್ಕಿಳಿಸಿದರೂ ಇನ್ನೂ ಇಪ್ಪತ್ತು ಸಾವಿರ ಕಿಲೋಮೀಟರ್ ಬಾಳುವ ಪ್ಯಾಡು ಅದು. ನನ್ನ ಓಡಾಟಕ್ಕೆ ಮೂರು ವರ್ಷಕ್ಕೂ ಮೇಲೆ.

ಬ್ಯಾಟರಿಯನ್ನು ಮಲ್ಟಿಮೀಟರಿನಲ್ಲಿ ನೋಡಲು ಹೇಳಿದೆ. ಎಂಜಿನ್ ನಿಂತಿದ್ದಾಗ 12.6 ವೋಲ್ಟ್, ದೀಪ ಹಾಕಿ ಚಾಲೂ ಮಾಡಿದಾಗಲೂ ಕುಸಿಯಲಿಲ್ಲ. ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್ ಎರಡೂ ಕಾರಿನ ಜೊತೆ ಕೊಟ್ಟ ಕೈಪಿಡಿಯ ನಿರ್ವಹಣಾ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಆ ಪಟ್ಟಿಯಲ್ಲಿರುವುದು ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್, ಸ್ಪಾರ್ಕ್ ಪ್ಲಗ್ ಇತ್ಯಾದಿ, ಪ್ರತಿಯೊಂದರ ಮುಂದೆ ಇಷ್ಟು ಕಿಲೋಮೀಟರಿಗೆ ಅಥವಾ ಇಷ್ಟು ತಿಂಗಳಿಗೆ ಎಂದು. ಬಹುಪಾಲು ಜನ ಆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೇ ತೆಗೆದಿರುವುದಿಲ್ಲ. ಲೇಪನವನ್ನು ಮಲೆನಾಡಿನ ಮಳೆಗೆ ಪೂರಾ ವ್ಯರ್ಥವೆನ್ನಲಾರೆ. ಆದರೆ ಎರಡು ವರ್ಷದ ಹಿಂದೆ ಅಲ್ಲಿಯೇ ಹಚ್ಚಿಸಿದ್ದ ಬಿಲ್ಲು ನನ್ನ ಬಳಿ ಇತ್ತು. 4,300 ರೂಪಾಯಿ ಕೊಟ್ಟು ಮನೆಗೆ ಬಂದೆ. ನಮ್ಮ ಹುಡುಗ ರಜೆಯಲ್ಲಿಲ್ಲದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೆಂದು ಮನಸ್ಸಿನಲ್ಲಿಯೇ ಅಂದುಕೊಂಡೆ.

ಸಂಜೆ ಈ ಪರಾಕ್ರಮವನ್ನು ನಮ್ಮ ಶಾಲೆಯ ನಿವೃತ್ತ ಹಿಂದಿ ಮೇಡಂ ಅವರಿಗೆ ಫೋನಿನಲ್ಲಿ ವರ್ಣಿಸಿದೆ. ಅವರು ನಗುತ್ತಾರೆಂದುಕೊಂಡಿದ್ದೆ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೋದ ತಿಂಗಳು ನನ್ನ ಕಾರಿಗೂ ಪ್ಯಾಡು ಹಾಕಿದರು ಮೇಷ್ಟ್ರೇ, ಬ್ಯಾಟರಿಯನ್ನೂ ಹಾಕಿದರು" ಎಂದರು. ಯಜಮಾನರು ತೀರಿಕೊಂಡ ಮೇಲೆ ಅವರು ಒಬ್ಬರೇ ಇದ್ದಾರೆ. ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಮರುದಿನ ಬಿಲ್ಲು ತಂದು ತೋರಿಸಿದರು. 16,800 ರೂಪಾಯಿ. ಹಳೆಯ ಬ್ಯಾಟರಿ ಕೊಂಡು ಹದಿನಾಲ್ಕು ತಿಂಗಳಾಗಿತ್ತು, ಅದರ ವಾರಂಟಿ ಕಾರ್ಡು ಕಾರಿನ ಡ್ಯಾಶ್‌ಬೋರ್ಡಿನಲ್ಲಿಯೇ ಇತ್ತು. ನಿಜಕ್ಕೂ ಹಾಳಾಗಿದ್ದರೆ ಅಂಗಡಿಯವನು ಬದಲಿಸಿಕೊಡಬೇಕಿದ್ದ ಬ್ಯಾಟರಿ. ಬಿಲ್ಲಿನ ಕೆಳಗೆ ಅಡ್ವೈಸರನ ಹೆಸರಿತ್ತು. ನಮ್ಮ ಹುಡುಗನದೇ ಹೆಸರು.

ಆ ಸರ್ವೀಸ್ ಕೇಂದ್ರಕ್ಕೆ ಮೇಡಂ ಅವರನ್ನು ಕಳಿಸಿದವನು ನಾನು. "ನಮ್ಮ ಹುಡುಗನಿದ್ದಾನೆ, ಕಣ್ಣು ಮುಚ್ಚಿ ಬಿಡಿ" ಎಂದು ಹೇಳಿದ್ದೆ. ಅವರು ಕಣ್ಣು ಮುಚ್ಚಿಯೇ ಬಿಟ್ಟಿದ್ದರು.

ಅವನನ್ನು ಭಾನುವಾರ ಮನೆಗೆ ಕರೆದೆ. ಬಿಲ್ಲನ್ನು ಮುಂದಿಟ್ಟು, "ಇದೇನಪ್ಪಾ?" ಎಂದೆ. ಅವನು ನೆಪ ಹೇಳಲಿಲ್ಲ. ತಿಂಗಳಿಗೆ 18,000 ಸಂಬಳ. ಆಯಿಲ್ ಬದಲಾವಣೆಯಂಥ ಮಾಮೂಲಿ ಕೆಲಸ ಲೆಕ್ಕಕ್ಕಿಲ್ಲ. 'ವ್ಯಾಲ್ಯೂ ಆಡೆಡ್ ಸರ್ವೀಸ್' ಎಂಬ ಹೆಸರಿನ ಫ್ಲಶ್ಶು, ಸಿಂಪಡಣೆ, ಲೇಪನಗಳಿಗೂ ಬಿಡಿಭಾಗಗಳಿಗೂ ತಿಂಗಳ ಟಾರ್ಗೆಟ್ ಇದೆ. ಪ್ರತಿ ಸಂಜೆ ಬಿಳಿಯ ಬೋರ್ಡಿನ ಮೇಲೆ ಎಲ್ಲರ ಹೆಸರು, ಎದುರಿಗೆ ಅಂದಿನ ಮೊತ್ತ. ಕೊನೆಯಲ್ಲಿರುವವನನ್ನು ಎಲ್ಲರೆದುರು ನಿಲ್ಲಿಸುತ್ತಾರೆ. "ನೀವು ಸಹ ಅಂಕಪಟ್ಟಿ ಹಾಕುತ್ತಿದ್ದಿರಲ್ಲ ಸರ್, ಹಾಗೆಯೇ" ಎಂದು ತಲೆ ತಗ್ಗಿಸಿಯೇ ಹೇಳಿದ. ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು. ಆದರೂ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ಪರೀಕ್ಷಿಸುವವನೂ ಮಾರುವವನೂ ಒಬ್ಬನೇ ಆಗಿ, ಮಾರಿದಷ್ಟಕ್ಕೆ ಅವನಿಗೆ ಪಾಲು ಸಿಗುವ ವ್ಯವಸ್ಥೆಯಲ್ಲಿ ಪರೀಕ್ಷೆ ಪರೀಕ್ಷೆಯಾಗಿ ಉಳಿಯುವುದಿಲ್ಲ. ಇದು ನಮ್ಮೂರಿನ ರೋಗ ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1992ರಲ್ಲಿ ಅಲ್ಲಿನ ಸರ್ಕಾರದ ವಾಹನ ದುರಸ್ತಿ ಇಲಾಖೆಯವರು ಮಾರುವೇಷದ ಗ್ರಾಹಕರಾಗಿ ಕಾರುಗಳನ್ನು ಕೊಂಡೊಯ್ದು, ಒಂದು ಬಹುದೊಡ್ಡ ಮಳಿಗೆಯ ದುರಸ್ತಿ ಕೇಂದ್ರಗಳು ಬೇಡದ ಕೆಲಸಗಳನ್ನು ಮಾರುತ್ತಿದ್ದುದನ್ನು ಬಯಲಿಗೆಳೆದರು. ಅಲ್ಲಿಯೂ ಮೂಲದಲ್ಲಿದ್ದದ್ದು ಕಮಿಷನ್ನು ಮತ್ತು ಕೋಟಾ. ಗದ್ದಲವಾದ ಮೇಲೆ ಆ ಸಂಸ್ಥೆ ಅಡ್ವೈಸರುಗಳ ಕಮಿಷನ್ ಪದ್ಧತಿಯನ್ನೇ ಕೈಬಿಟ್ಟಿತು. ಹುಡುಗರಿಗೆ ಪ್ರಾಮಾಣಿಕತೆಯ ಪಾಠ ಹೇಳುವುದಕ್ಕಿಂತ ಆ ಬಿಳಿಯ ಬೋರ್ಡನ್ನು ಒರೆಸುವುದು ಹೆಚ್ಚು ಫಲಕಾರಿಯೆಂದು ಮೂವತ್ತೈದು ವರ್ಷ ಪಾಠ ಹೇಳಿದ ನಾನೇ ಬರೆಯಬೇಕಾಗಿ ಬಂದಿದೆ.

ಹಾಗೆಂದು ನಮ್ಮ ಹುಡುಗನನ್ನು ನಾನು ಪೂರ್ತಿ ಬಿಟ್ಟುಕೊಡಲಿಲ್ಲ. ಟಾರ್ಗೆಟ್ ಮಾಲೀಕನದು; ಆದರೆ ಒಂಟಿ ಹೆಂಗಸಿನ ಒಳ್ಳೆಯ ಬ್ಯಾಟರಿಯನ್ನು ಆರಿಸಿಕೊಂಡವನು ಅವನೇ. ಅದನ್ನು ಅವನಿಗೆ ಹೇಳಿದೆ.

ಮೇಡಂ ಅವರ ಪರವಾಗಿ ಕೇಂದ್ರದ ವ್ಯವಸ್ಥಾಪಕರಿಗೆ ಲಿಖಿತ ಪತ್ರ ಬರೆದು, ಬಿಲ್ಲು ಮತ್ತು ವಾರಂಟಿ ಕಾರ್ಡಿನ ಪ್ರತಿ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆವು. ಉತ್ತರ ಬರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳುತ್ತೇವೆಂದೂ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆಂದೂ ಬರೆದಿದ್ದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಐದು ಲಕ್ಷದೊಳಗಿನ ವ್ಯವಹಾರಕ್ಕೆ ಆಯೋಗದಲ್ಲಿ ದೂರಿನ ಶುಲ್ಕವಿಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಮೂರು ವಾರಗಳ ನಂತರ ಬ್ಯಾಟರಿಯ ಹಣ ಹಿಂದೆ ಬಂತು. ಪ್ಯಾಡಿನ ಹಣ ಬರಲಿಲ್ಲ. ಹಳೆಯ ಪ್ಯಾಡುಗಳನ್ನು ಮೇಡಂ ಕೇಳಿ ತೆಗೆದುಕೊಂಡಿರಲಿಲ್ಲವಾದ್ದರಿಂದ ಎಷ್ಟು ಸವೆದಿದ್ದವೆಂದು ತೋರಿಸಲು ನಮ್ಮ ಬಳಿ ಏನೂ ಇರಲಿಲ್ಲ. ಆದ್ದರಿಂದ ಬದಲಾಯಿಸಿದ ಪ್ರತಿಯೊಂದು ಭಾಗವನ್ನೂ ಹಿಂದಕ್ಕೆ ಕೊಡಬೇಕೆಂದು ಕಾರು ಬಿಡುವಾಗಲೇ ಜಾಬ್ ಕಾರ್ಡಿನ ಮೇಲೆ ಬರೆಸಿರಿ. ಫೋನಿನಲ್ಲಿ ಯಾವುದಕ್ಕೂ ಒಪ್ಪದಿರಿ. ಕರಿಬಡಿದ ಏರ್ ಫಿಲ್ಟರನ್ನು ಅಂಗೈಯಲ್ಲಿ ತಂದು ತೋರಿಸಿದರೆ ಗಾಬರಿಯಾಗದಿರಿ. ಧೂಳು ಹಿಡಿಯುವುದಕ್ಕಾಗಿಯೇ ಇರುವ ವಸ್ತುವದು.

ಅಳಿಯಂದಿರು ಕೇಳುತ್ತಾರೆ, ಹೊರಗಿನ ಗ್ಯಾರೇಜಿಗೆ ಏಕೆ ಹೋಗಬಾರದೆಂದು. ವಾರಂಟಿ ಹೋಗುತ್ತದೆಂಬ ಭಯವೊಂದಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ಅವರ ಮೇಲಿನ ಆರೋಪ. ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡಬಾರದೆಂದೂ ಆ ಆದೇಶದಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ನನ್ನ ಕಾರಿಗೆ ವಾರಂಟಿ ಎಂದೋ ಮುಗಿದಿರುವುದರಿಂದ ಆ ತಕರಾರು ನನಗಿಲ್ಲ. ಆದರೂ ಹೊರಗೆ ಹೋಗಲಿಲ್ಲ. ಕಾರಣ ಹೇಳುತ್ತೇನೆ.

2022ರಲ್ಲಿ ಇದೇ ಹುಡುಗ, "ಸರ್, ಬಲಗಡೆಯ ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಬಿರುಕು ಬಿಟ್ಟಿದೆ, ಈಗಲೇ ಹಾಕಿಸಿದರೆ ಸಾವಿರದೊಳಗೆ ಮುಗಿಯುತ್ತದೆ" ಎಂದಿದ್ದ. ಇದೂ ಅವರ ವ್ಯಾಪಾರವೆಂದು ನಾನು ಬೇಡವೆಂದೆ. ಬಿರುಕಿನಿಂದ ಗ್ರೀಸು ಹೊರಬಂದು, ಮಳೆಗಾಲದ ಕೆಸರು ಒಳಹೋಗಿ, ನಾಲ್ಕೇ ತಿಂಗಳಲ್ಲಿ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಟಕಟಕ ಸದ್ದು ಶುರುವಾಯಿತು. ಕೊನೆಗೆ ಶಾಫ್ಟನ್ನೇ ಬದಲಾಯಿಸಬೇಕಾಯಿತು. ಸಾವಿರದ ಕೆಲಸಕ್ಕೆ ಏಳು ಸಾವಿರ ಕೊಟ್ಟೆ. ಎಲ್ಲದಕ್ಕೂ "ಹೋಗಿದೆ" ಎನ್ನುವವರು ಮಾಡುವ ದೊಡ್ಡ ಅನ್ಯಾಯವೇ ಇದು. ಹುಲಿ ಬಂತು ಹುಲಿ ಎಂದು ದಿನವೂ ಕೂಗಿದರೆ, ನಿಜವಾದ ಹುಲಿ ಬಂದ ದಿನ ಕುರಿ ಕಳೆದುಕೊಳ್ಳುವವನು ಗ್ರಾಹಕ.

ಕಳೆದ ತಿಂಗಳು ಈ ವರ್ಷದ ಸರ್ವೀಸು. ಬೆಳಿಗ್ಗೆ ಅವನ ಫೋನು ಬಂತು. ಬಿಡಿಭಾಗದ ವಿಭಾಗಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟಿದ್ದಾನಂತೆ, ಇನ್ನೂ ಆಗಿಲ್ಲ. "ಸರ್, ಈಗ ಎಡಗಡೆಯ ಬೂಟು ಬಿರುಕು ಬಿಟ್ಟಿದೆ. ಫೋಟೋ ಕಳಿಸಿದ್ದೇನೆ, ನೋಡಿ. ಬೇರೇನೂ ಬೇಡ" ಎಂದ. ಕನ್ನಡಕ ಹಾಕಿಕೊಂಡು ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಿರುಕು ಸ್ಪಷ್ಟವಾಗಿಯೇ ಕಾಣುತ್ತಿತ್ತು.

"ಹಾಕಿಸು ಮಗೂ" ಎಂದೆ. ಫೋನಿಡುವ ಮೊದಲು, "ಹಳೆಯದನ್ನು ಡಿಕ್ಕಿಯಲ್ಲಿ ಇಟ್ಟಿರು" ಎಂದೂ ಹೇಳಿದೆ.

"ಆಗಲೇ ತೆಗೆದಿಟ್ಟಿದ್ದೇನೆ ಸರ್" ಎಂದ.