ಬಾಡಿಗೆ ಕೋಣೆಯ ಲೆಕ್ಕ

ಮಕ್ಕಳೇ, ಕಳೆದ ಭಾನುವಾರ ನಮ್ಮನೆ ಜಗಲಿಯ ಮೇಲೆ ಒಂದು ಲೆಕ್ಕ ನಡೆಯಿತು. ಹಾಕಿದವಳು ನನ್ನ ಮೊಮ್ಮಗಳು. ಈ ವರ್ಷ ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಸೇರಿದ್ದಾಳೆ. ನಮ್ಮದು ಹೊಸದುರ್ಗದ ಕಡೆಯ ಹಳ್ಳಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಸರಿ. ಆದರೆ ಹೊಳಲ್ಕೆರೆ ದಾಟಿ ದುರ್ಗ ಮುಟ್ಟುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತದೆ. ಹಾಸ್ಟೆಲಿಗೆ ಅರ್ಜಿ ಹಾಕಿದಳು. ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಹೀಗೆ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆಂದೇ ‘ವಿದ್ಯಾಸಿರಿ’ ಊಟ ಮತ್ತು ವಸತಿ ಸಹಾಯ ಯೋಜನೆ 2013-14ರಲ್ಲಿ ಶುರುವಾಯಿತು. ಆಗ ಗೊತ್ತು ಮಾಡಿದ್ದು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಗುಣಿಸಿ ನೋಡಿ, 15,000. ಜಾತಿ, ಆದಾಯ ಪ್ರಮಾಣಪತ್ರ ಇಟ್ಟುಕೊಂಡು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮಂಜೂರಾದರೆ ದುಡ್ಡು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೇ ಬರುತ್ತದೆ.

ಹಿರಿಯೂರಿನವಳೊಬ್ಬಳು, ಹೊಳಲ್ಕೆರೆಯವಳೊಬ್ಬಳು, ಇವಳು, ಮೂವರೂ ಸೇರಿ ಒಂದು ಕೋಣೆ ನೋಡಿದರು. ಬಾಡಿಗೆ 4,500. ತಲೆಗೆ 1,500.

“ಅಜ್ಜಾ, ಊಟ ಮತ್ತು ವಸತಿ ಅಂತಾರೆ. ವಸತಿಗೇ ಪೂರ್ತಿ ಹೋಯ್ತಲ್ಲ, ಊಟ ಎಲ್ಲಿ?” ಎಂದಳು.

ಆರನೇ ಕ್ಲಾಸಿನ ಅವಳ ತಮ್ಮ ಮಧ್ಯೆ ಬಾಯಿ ಹಾಕಿದ. “ಸರ್ಕಾರವೇ ಮನೆ ಓನರಿಗೆ ಬಾಡಿಗೆ ಕೊಟ್ಟುಬಿಟ್ರೆ ಆಗಲ್ವಾ?”

ಪೋರನ ಪ್ರಶ್ನೆ ಚೆನ್ನಾಗಿದೆ. ಅಮೆರಿಕದಲ್ಲಿ 1974ರ ಒಂದು ಕಾನೂನಿನಿಂದ ಅಂಥದ್ದೇ ಏರ್ಪಾಡು ಬಂತು. ಬಡ ಕುಟುಂಬ ತನ್ನ ಆದಾಯದಲ್ಲಿ ಸುಮಾರು ನೂರಕ್ಕೆ ಮೂವತ್ತು ಪಾಲು ಬಾಡಿಗೆಗೆ ಕೊಡುತ್ತದೆ. ಉಳಿದದ್ದನ್ನು, ಒಂದು ಮಿತಿಯವರೆಗೆ, ಊರಿನ ವಸತಿ ಸಂಸ್ಥೆ ನೇರವಾಗಿ ಮನೆ ಮಾಲೀಕನಿಗೆ ಕಟ್ಟುತ್ತದೆ. ಅದಕ್ಕೆ ವೋಚರ್ ಅನ್ನುತ್ತಾರೆ, ಒಂಥರಾ ಬಾಡಿಗೆ ಚೀಟಿ. ಅಲ್ಲೂ ಅರ್ಹರೆಲ್ಲರಿಗೂ ಸಿಗುವುದಿಲ್ಲ, ವರ್ಷಗಟ್ಟಲೆ ಸರದಿ ಕಾಯುವವರಿದ್ದಾರೆ. ಚೀಟಿ ಕೈಯಲ್ಲಿದ್ದರೂ ಮಾಲೀಕ ಒಲ್ಲೆ ಎಂದರೆ ಮತ್ತೊಂದು ಮನೆ ಹುಡುಕಬೇಕು.

“ಚೀಟಿ ಇದ್ರೂ ಕೊಡಲ್ವಾ?” ಹುಡುಗನಿಗೆ ಆಶ್ಚರ್ಯ.

ಅವನಕ್ಕನಿಗೆ ಆಶ್ಚರ್ಯವಾಗಲಿಲ್ಲ. ದುರ್ಗದಲ್ಲಿ ಮೊದಲು ನೋಡಿದ ಕೋಣೆಯ ಯಜಮಾನಿ ಎಲ್ಲ ಒಪ್ಪಿ, ಕೊನೆಗೆ “ನೀವು ಯಾವ ಜನ?” ಎಂದು ಕೇಳಿದರಂತೆ. ಉತ್ತರ ಕೇಳಿದ ಮೇಲೆ ಕೋಣೆ ಬೇರೆಯವರಿಗೆ ಮಾತಾಗಿದೆ ಎಂದರಂತೆ. ಇದನ್ನು ಅವಳು ತಲೆ ತಗ್ಗಿಸಿಕೊಂಡು ಹೇಳಿದಳು. ತಗ್ಗಿಸಬೇಕಾದವಳು ಅವಳಲ್ಲ.

ನನಗೆ ನಮ್ಮಪ್ಪ ನೆನಪಾದರು. ಅವರ ಕಾಲದಲ್ಲಿ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರವೆಲ್ಲ ಊಟ. ಎಷ್ಟೋ ದೊಡ್ಡವರು ಹಾಗೇ ಓದಿ ಮೇಲೆ ಬಂದರು. ಆದರೆ ಕರೆದು ಉಣ್ಣಿಸುವ ಮನೆಗಳು ಎಲ್ಲ ಜಾತಿಯ ಹುಡುಗರಿಗೂ ಇರಲಿಲ್ಲ. ನಮ್ಮಪ್ಪನಿಗೆ ಒಂದು ದಿನದ ಮನೆಯೂ ಸಿಗಲಿಲ್ಲ. ನಾಲ್ಕನೇ ಕ್ಲಾಸಿಗೆ ಓದು ನಿಂತಿತು. 1,500 ರೂಪಾಯಿ ಕಡಿಮೆ ಎಂದು ನಾನೂ ಗೊಣಗುತ್ತೇನೆ, ಆದರೆ ಅದು ಯಾರ ಮನೆ ಬಾಗಿಲಲ್ಲೂ ನಿಂತು ಪಡೆಯುವ ದುಡ್ಡಲ್ಲ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಇಂಥ ದುಡ್ಡು ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಪಕ್ಕದ ಮನೆ ಹುಡುಗ ಒಂದು ವರ್ಷ ಬರಲೇ ಇಲ್ಲವೆಂದು ಅಲೆದಾಡಿದ. ಕೊನೆಗೆ ನೋಡಿದರೆ ಶಾಲೆಯಲ್ಲಿದ್ದಾಗ ತೆರೆದು ಮರೆತುಬಿಟ್ಟಿದ್ದ ಇನ್ನೊಂದು ಪಾಸ್‌ಬುಕ್ಕಿನಲ್ಲಿ ಕೂತಿತ್ತು! ಅರ್ಜಿ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿ ಕೇಳಿಕೊಳ್ಳಿ.

ಇನ್ನೊಂದು ತೊಡಕು: ಬಾಡಿಗೆ ತಿಂಗಳ ಮೊದಲ ವಾರವೇ ಬೇಕು, ಸಹಾಯಧನ ಮಂಜೂರಾದ ಮೇಲೆ ಬರುತ್ತದೆ. ನಡುವಿನ ತಿಂಗಳುಗಳನ್ನು ಮನೆಯವರೇ ದಾಟಿಸಬೇಕು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅಡ್ವಾನ್ಸ್ ಕೊಟ್ಟೆ. ಎರಡನೇ ಕೋಣೆಯ ಯಜಮಾನಿ ಜಾತಿ ಕೇಳಲಿಲ್ಲ, ನೀರು ಪೋಲು ಮಾಡಬೇಡಿ ಎಂದಷ್ಟೇ ಹೇಳಿದರಂತೆ. ಅಕ್ಕಿ, ರಾಗಿಹಿಟ್ಟು ಊರಿನಿಂದ ಹೋಗುತ್ತದೆ.

ಮೊಮ್ಮಗಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ‘ಅಜ್ಜನ ಸಾಲ’ ಎಂದು ಬರೆದು ಕೆಳಗೆ ಗೆರೆ ಎಳೆದಳು. ಅವಳ ತಮ್ಮ ಅದನ್ನೇ ದಿಟ್ಟಿಸಿ, “ಬಡ್ಡಿ ಎಷ್ಟಜ್ಜಾ?” ಎಂದ.